ಕನ್ನಡ ಮಾಧ್ಯಮದಿಂದ ಬಂದು ಬಿ.ಎಸ್ಸಿ. ಸೇರಿದವರು ಮೊದಲ ಸೆಮಿಸ್ಟರಿನಲ್ಲಿ ಹೇಗೆ ಓದಬೇಕು?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ವಿಜ್ಞಾನವನ್ನೂ ಹೆಚ್ಚಾಗಿ ಕನ್ನಡದ ನೆರವಿನಿಂದಲೇ ಮುಗಿಸಿದ ನಾನು ಈ ವರ್ಷ ಕಣ್ಣೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿರುವ ಒಂದು ಕಾಲೇಜಿಗೆ ಸೇರಿದ್ದೇನೆ. ರಸಾಯನಶಾಸ್ತ್ರ ನನ್ನ ಮುಖ್ಯ ವಿಷಯ. ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ತರಗತಿಯಲ್ಲಿ ಅಧ್ಯಾಪಕರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ವಿವರಿಸುತ್ತಾರೆ. ಪೇಟೆಯಲ್ಲಿ ಆಡುವಷ್ಟು ಮಲಯಾಳ ನನಗೆ ಅರ್ಥವಾಗುತ್ತದೆ. ಆದರೆ ಪಾಠದ ವೇಗಕ್ಕೆ ಎರಡೂ ಭಾಷೆಗಳು ಒಟ್ಟಿಗೆ ಬಂದಾಗ ಮುಖ್ಯವಾದ ಮಾತು ಯಾವುದು, ಉದಾಹರಣೆ ಯಾವುದು ಎಂಬುದೇ ತಿಳಿಯುವುದಿಲ್ಲ. ಮನೆಯಲ್ಲಿ ಪುಸ್ತಕ ತೆರೆದರೆ ಒಂದು ಪುಟ ದಾಟುವಷ್ಟರಲ್ಲಿ ಸಂಜೆ ಕಳೆದುಹೋಗುತ್ತದೆ.

ಇದರ ಮೇಲೆ ಮೇಜರ್, ಮೈನರ್, ಕ್ರೆಡಿಟ್ ಎಂಬ ಲೆಕ್ಕಾಚಾರ ಬೇರೆ. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುತ್ತಿರುವವಳು ನಾನೇ ಮೊದಲಿಗಳಾದ್ದರಿಂದ ಕೇಳಿ ತಿಳಿಯಲು ಯಾರೂ ಇಲ್ಲ. ಮಂಗಳೂರಿಗೆ ಹೋಗಿದ್ದರೆ ಕನ್ನಡದಲ್ಲಿಯೇ ಪಾಠವಾಗುತ್ತಿತ್ತು ಎಂದು ಸಂಬಂಧಿಕರು ಹೇಳುತ್ತಿದ್ದಾರೆ. ಇಂತಹ ಹಿನ್ನೆಲೆಯಿಂದ ಬಂದವರು ಒಳ್ಳೆಯ ಅಂಕಗಳೊಂದಿಗೆ ಪದವಿ ಮುಗಿಸುವುದು ಸಾಧ್ಯವೇ? ಸಾಧ್ಯವಿದ್ದರೆ ಮೊದಲು ಏನನ್ನು ಸರಿಪಡಿಸಿಕೊಳ್ಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಕುಂಬಳೆಯ ಎಂ.ಎಸ್ಸಿ. ವಿದ್ಯಾರ್ಥಿ

ತಂಗಿ, ಮೊದಲು ಆ ಕ್ರೆಡಿಟ್ಟಿನ ಗೊಂದಲವನ್ನು ಮುಗಿಸಿಬಿಡೋಣ, ಏಕೆಂದರೆ ಅದು ಕಾಣುವಷ್ಟು ಕಷ್ಟದ್ದಲ್ಲ. ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ 2024ರಿಂದ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಯಲ್ಲಿದೆ. ಮೂರು ವರ್ಷಗಳಲ್ಲಿ 133 ಕ್ರೆಡಿಟ್ ಗಳಿಸಿದವರು ಪದವಿ ಪಡೆದು ಹೊರಬರಬಹುದು. ನಾಲ್ಕನೆಯ ವರ್ಷವನ್ನೂ ಓದಿ 177 ಕ್ರೆಡಿಟ್ ಪೂರೈಸಿದವರಿಗೆ ಆನರ್ಸ್ ಪದವಿ ದೊರೆಯುತ್ತದೆ. ಮೊದಲ ಸೆಮಿಸ್ಟರಿನಲ್ಲಿ ನಿಮ್ಮ ಮುಖ್ಯ ವಿಷಯದ ಒಂದು ಪತ್ರಿಕೆ, ಎರಡು ಮೈನರ್‌ಗಳು (ಮುಖ್ಯ ವಿಷಯದ ಜೊತೆಗೆ ಓದುವ ಪೂರಕ ವಿಷಯಗಳು), ಇಂಗ್ಲಿಷ್, ಇನ್ನೊಂದು ಭಾಷೆ ಮತ್ತು ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಒಂದು ಪತ್ರಿಕೆ ಇರುತ್ತದೆ. ಆ ಇನ್ನೊಂದು ಭಾಷೆಯಾಗಿ ನಿಮ್ಮ ಕಾಲೇಜಿನಲ್ಲಿ ಕನ್ನಡವಿದ್ದರೆ ಅದನ್ನೇ ತೆಗೆದುಕೊಳ್ಳಿ. ಹೊಸ ಭಾಷೆ ಕಲಿಯುವ ಉತ್ಸಾಹದಲ್ಲಿ ಕೈಯಲ್ಲಿರುವ ಅಂಕಗಳನ್ನು ಬಿಟ್ಟುಕೊಡಬಾರದು.

ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆಗಳ ಪಾಠ ಅಥವಾ 30 ಗಂಟೆಗಳ ಪ್ರಯೋಗ. ನಾಲ್ಕು ಕ್ರೆಡಿಟ್ಟಿನ ಪಾಠದ ಪತ್ರಿಕೆಯೆಂದರೆ ಒಟ್ಟು 60 ಗಂಟೆಗಳು. ಹಾಜರಾತಿ ಶೇಕಡಾ 75 ಇರಬೇಕಾದ್ದರಿಂದ 15 ಗಂಟೆಗಳಿಗಿಂತ ಹೆಚ್ಚು ತಪ್ಪಿಸಿಕೊಂಡರೆ ಪರೀಕ್ಷೆ ಬರೆಯುವುದಕ್ಕೇ ತೊಂದರೆಯಾಗುತ್ತದೆ. ಮಳೆಗಾಲದ ಜ್ವರ, ಮನೆಯ ಪೂಜೆ, ಊರಿನ ದೈವದ ನೇಮ, ಬಸ್ಸು ಮುಷ್ಕರ ಎಲ್ಲವೂ ಆ 15 ಗಂಟೆಗಳೊಳಗೇ ಬರಬೇಕು. ಆದ್ದರಿಂದ ಆರಂಭದ ವಾರಗಳಲ್ಲಿ ಸುಮ್ಮನೆ ರಜೆ ಹಾಕುವುದು ಬೇಡ.

ಅಂಕಗಳಲ್ಲಿ ಸುಮಾರು ಶೇಕಡಾ 30 ಇಂಟರ್ನಲ್‌ಗೆ, ಉಳಿದದ್ದು ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್, ವೈವಾ (ಮೌಖಿಕ ಪರೀಕ್ಷೆ) ಇವೆಲ್ಲ ಇಂಟರ್ನಲ್‌ನಲ್ಲಿ ಸೇರುತ್ತವೆ. ಕನ್ನಡ ಮಾಧ್ಯಮದವರು ಕೊನೆಯ ಪರೀಕ್ಷೆಗೆ ಹೆದರಿ ಹಗಲಿರುಳು ಓದುತ್ತಾರೆಯೇ ಹೊರತು, ಮನೆಯಲ್ಲಿ ಕುಳಿತು ನಿಧಾನವಾಗಿ, ನಿಘಂಟು ನೋಡಿಕೊಂಡು ಬರೆಯಬಹುದಾದ ಅಸೈನ್‌ಮೆಂಟನ್ನು ಕೊನೆಯ ದಿನ ಯಾರದೋ ಪುಸ್ತಕ ನೋಡಿ ನಕಲು ಮಾಡಿ ಕೊಡುತ್ತಾರೆ. ಭಾಷೆಯ ತೊಡಕು ಅತ್ಯಂತ ಕಡಿಮೆ ಇರುವ ಅಂಕಗಳು ಅವೇ ಎಂಬುದು ನನ್ನ ಅಭಿಪ್ರಾಯ. ಮತ್ತೊಂದು ವಿಷಯ: ಸಂಶೋಧನೆಯೊಂದಿಗೆ ಆನರ್ಸ್ ಮಾಡಬೇಕೆಂದರೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕಗಳಿರಬೇಕು. ಆ ಲೆಕ್ಕ ಈಗಿನ ಸೆಮಿಸ್ಟರಿನಿಂದಲೇ ಶುರುವಾಗಿದೆ.

ವಿಶ್ವವಿದ್ಯಾನಿಲಯದ ಜಾಲತಾಣದಿಂದ ನಿಮ್ಮ ವಿಷಯದ ಸಿಲೆಬಸ್ಸನ್ನು ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ. ಯಾವ ಘಟಕಕ್ಕೆ ಎಷ್ಟು ಗಂಟೆ ಎಂದು ಅದರಲ್ಲಿಯೇ ಬರೆದಿರುತ್ತದೆ. ತರಗತಿಯಲ್ಲಿ ಮುಖ್ಯವಾದದ್ದು ಯಾವುದೆಂದು ತಿಳಿಯುವುದಿಲ್ಲ ಎಂದು ನೀವು ಬರೆದಿದ್ದೀರಿ; ಆ ಕಾಗದ ಮುಂದಿದ್ದರೆ ಅರ್ಧದಷ್ಟು ಗೊಂದಲ ಅಲ್ಲಿಯೇ ಕಳೆಯುತ್ತದೆ.

ಮಂಗಳೂರಿನ ಮಾತು ಬಿಟ್ಟುಬಿಡಿ. ಅಲ್ಲಿಯೂ ಬಿ.ಎಸ್ಸಿ. ಪಾಠ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ವ್ಯತ್ಯಾಸವೆಂದರೆ ನಡುವೆ ವಿವರಣೆ ಮಲಯಾಳದ ಬದಲು ಕನ್ನಡದಲ್ಲಿ ಬರಬಹುದು. ಕರ್ನಾಟಕವು 2024ರಲ್ಲಿ ಮರಳಿ ಮೂರು ವರ್ಷಗಳ ಪದವಿಗೆ ಹೋದುದರಿಂದ ನಡುವೆ ಅತ್ತ ವರ್ಗಾವಣೆಯಾಗುವುದು ಸುಲಭವೂ ಅಲ್ಲ.

ಉತ್ತರ 2: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಈ ಜಿಲ್ಲೆಯಲ್ಲಿ ಹಲವು ವರ್ಷ ರಸಾಯನಶಾಸ್ತ್ರ ಕಲಿಸಿದವನಾದ್ದರಿಂದ ಓದುವ ಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ. ಆಡಳಿತದ ವಿಷಯಗಳನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ.

ನಿಮ್ಮ ಕಷ್ಟವೆಂದರೆ ನೀವು ಹೊಸ ವಿಷಯವನ್ನೂ ಹೊಸ ಭಾಷೆಯನ್ನೂ ಏಕಕಾಲದಲ್ಲಿ ಕಲಿಯಲು ಹೊರಟಿರುವುದು. ಇವೆರಡನ್ನೂ ಬೇರ್ಪಡಿಸಬೇಕು. ಮೊದಲ ಸೆಮಿಸ್ಟರಿನಲ್ಲಿ ಬರುವ ಪರಮಾಣು ರಚನೆ, ಆವರ್ತಕ ಕೋಷ್ಟಕ, ರಾಸಾಯನಿಕ ಬಂಧ ಇವುಗಳಲ್ಲಿ ಬಹುಪಾಲನ್ನು ನೀವು ಪ್ಲಸ್ ವನ್‌ನಲ್ಲಿ ಓದಿದ್ದೀರಿ. ಪದವಿಯ ದಪ್ಪ ಪುಸ್ತಕವನ್ನು ಸದ್ಯಕ್ಕೆ ಬದಿಗಿಟ್ಟು, ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರ ಪುಸ್ತಕದ ಅದೇ ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಓದಿ. ವಿಷಯ ಗೊತ್ತಿರುವುದರಿಂದ ವಾಕ್ಯ ಏನು ಹೇಳುತ್ತಿದೆ ಎಂಬುದನ್ನು ನೀವು ಊಹಿಸಬಲ್ಲಿರಿ, ಹಾಗೆ ಊಹಿಸುತ್ತಲೇ ಭಾಷೆ ಕೈಗೆ ಬರುತ್ತದೆ. ವಿಜ್ಞಾನದ ಇಂಗ್ಲಿಷಿನಲ್ಲಿ ವಾಕ್ಯದ ಅಚ್ಚುಗಳು ಬಹಳ ಕಡಿಮೆ: ಒಂದನ್ನು ಹೀಗೆನ್ನುತ್ತಾರೆ, ಇದು ಹೆಚ್ಚಾದರೆ ಅದು ಕಡಿಮೆಯಾಗುತ್ತದೆ, ಇದಕ್ಕೆ ಕಾರಣ ಇದು, ಇದಕ್ಕಿಂತ ಅದು ದೊಡ್ಡದು. ಈ ನಾಲ್ಕಾರು ಅಚ್ಚುಗಳು ಪರಿಚಯವಾದ ಮೇಲೆ ಪದವಿಯ ಪುಸ್ತಕವನ್ನು ತೆರೆದರೆ ಅದು ಈಗಿನಷ್ಟು ದುರ್ಗಮವೆನಿಸುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಆಕ್ಸಿಜನ್‌ಗಿಂತ ನೈಟ್ರೋಜನ್‌ನ ಮೊದಲ ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಒಂದು ಇಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ) ಏಕೆ ಹೆಚ್ಚು ಎಂಬ ಪ್ರಶ್ನೆ ಪ್ರತಿ ವರ್ಷವೂ ಯಾವುದಾದರೊಂದು ರೂಪದಲ್ಲಿ ಬರುತ್ತದೆ. ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಈ ಶಕ್ತಿ ಹೆಚ್ಚಬೇಕು. ಆದರೆ ನೈಟ್ರೋಜನ್‌ಗೆ ಅದು ಮೋಲಿಗೆ ಸುಮಾರು 1402 ಕಿಲೋಜೂಲ್, ಅದರ ಬಲಕ್ಕಿರುವ ಆಕ್ಸಿಜನ್‌ಗೆ ಸುಮಾರು 1314. ನೈಟ್ರೋಜನ್‌ನ 2ಪಿ ಉಪಕವಚದಲ್ಲಿ ಮೂರು ಇಲೆಕ್ಟ್ರಾನ್‌ಗಳು ಒಂದೊಂದು ಆರ್ಬಿಟಲ್‌ನಲ್ಲಿ ಒಂದೊಂದಾಗಿ ಇರುತ್ತವೆ; ಈ ಅರ್ಧ ತುಂಬಿದ ವಿನ್ಯಾಸ ಸ್ಥಿರವಾದುದು. ಆಕ್ಸಿಜನ್‌ನಲ್ಲಿ ನಾಲ್ಕನೆಯ ಇಲೆಕ್ಟ್ರಾನ್ ಒಂದು ಆರ್ಬಿಟಲ್‌ನಲ್ಲಿ ಜೋಡಿಯಾಗಬೇಕಾಗುತ್ತದೆ, ಜೋಡಿಯಾದವುಗಳ ನಡುವೆ ವಿಕರ್ಷಣೆ ಇರುತ್ತದೆ, ಆದ್ದರಿಂದ ಅದನ್ನು ಕೀಳುವುದು ಸುಲಭ. ಇದನ್ನು ಮೊದಲು ಯಾರಿಗಾದರೂ ಕನ್ನಡದಲ್ಲಿಯೇ ವಿವರಿಸಿ. ವಿವರಿಸಲು ಬಂದರೆ ವಿಷಯ ನಿಮ್ಮದಾಗಿದೆ ಎಂದರ್ಥ. ಅನಂತರ ಪುಸ್ತಕ ನೋಡದೆ ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ, ಅದರ ಪಕ್ಕದಲ್ಲಿ ಎರಡೂ ಧಾತುಗಳ ಇಲೆಕ್ಟ್ರಾನ್ ವಿನ್ಯಾಸವನ್ನು ಚೌಕಗಳಲ್ಲಿ ತೋರಿಸಿ. ಮೌಲ್ಯಮಾಪನ ಮಾಡುವವರು ಕಾರಣಗಳ ಸರಣಿ ಪೂರ್ಣವಾಗಿದೆಯೇ ಎಂದು ನೋಡುತ್ತಾರೆ. ವಾಕ್ಯ ಸೊಗಸಾಗಿಲ್ಲವೆಂದು ರಸಾಯನಶಾಸ್ತ್ರದಲ್ಲಿ ಯಾರೂ ಅಂಕ ಕಡಿಯುವುದಿಲ್ಲ.

ಪುಸ್ತಕ ಮುಚ್ಚಿ ಬರೆಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಒಂದು ಗುಂಪಿನವರು ಒಂದು ಬರಹವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 40. ನೆನಪಿನಿಂದ ಬರೆದವರಿಗೆ ಶೇಕಡಾ 61. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವೂ ಬರುತ್ತದೆ ಎಂದು ನಮಗೆ ಅನ್ನಿಸುವುದು ಆ ಐದು ನಿಮಿಷದ ನೆನಪು. ಆದ್ದರಿಂದ ವಾರದಲ್ಲಿ ಒಂದು ದಿನವನ್ನು, ಭಾನುವಾರವಾದರೆ ಭಾನುವಾರ, ಆ ವಾರದ ಪಾಠಗಳನ್ನು ನೋಡದೆ ಬರೆಯುವುದಕ್ಕೆಂದೇ ಇಟ್ಟುಕೊಳ್ಳಿ. ಬರೆಯಲು ಬಾರದೆ ನಿಂತ ಜಾಗಗಳನ್ನು ಗುರುತು ಮಾಡಿ, ಸೋಮವಾರ ಅದನ್ನೇ ಹಿಡಿದುಕೊಂಡು ಅಧ್ಯಾಪಕರ ಬಳಿಗೆ ಹೋಗಿ. ‘ಸರ್, ಏನೂ ಅರ್ಥವಾಗಲಿಲ್ಲ’ ಎಂದವರಿಗೆ ಯಾವ ಅಧ್ಯಾಪಕನೂ ಹೆಚ್ಚೇನೂ ಮಾಡಲಾರ. ‘ಇಲ್ಲಿಯವರೆಗೆ ಬಂದಿದ್ದೇನೆ, ಈ ಹೆಜ್ಜೆ ತಿಳಿಯುತ್ತಿಲ್ಲ’ ಎಂದವರಿಗೆ ಊಟದ ಹೊತ್ತಿನಲ್ಲಿಯೂ ವಿವರಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಪ್ರಯೋಗಶಾಲೆಯನ್ನು ಕಡೆಗಣಿಸಬೇಡಿ. ಅಲ್ಲಿ ಭಾಷೆಗಿಂತ ಕೈಯ ಎಚ್ಚರಕ್ಕೆ ಬೆಲೆ. ಬ್ಯುರೆಟ್ಟಿನ ಮಟ್ಟವನ್ನು ಕಣ್ಣಿನ ನೇರಕ್ಕೆ ಓದುವುದು, ಒಂದಕ್ಕೊಂದು ತಾಳೆಯಾಗುವ ಅಳತೆಗಳು ಸಿಗುವವರೆಗೆ ಟೈಟ್ರೇಶನ್ ಮಾಡುವುದು, ರೆಕಾರ್ಡನ್ನು ಅಂದೇ ಬರೆದು ಮುಗಿಸುವುದು ಇಷ್ಟು ಮಾಡಿದರೆ ಪ್ರಯೋಗದ ಅಂಕಗಳು ನಿಮ್ಮ ಕೈಬಿಡುವುದಿಲ್ಲ. ವೈವಾದಲ್ಲಿ ಕೇಳುವುದು ‘ಏಕೆ’ ಎಂಬ ಪ್ರಶ್ನೆಗಳನ್ನು. ಪ್ರಬಲ ಆಮ್ಲವನ್ನು ದುರ್ಬಲ ಪ್ರತ್ಯಾಮ್ಲದೊಂದಿಗೆ ಟೈಟ್ರೇಟ್ ಮಾಡುವಾಗ ಫಿನಾಲ್ಫ್ತಲೀನ್ ಏಕೆ ಬಳಸುವುದಿಲ್ಲ ಎಂದರೆ, ಅಂತ್ಯಬಿಂದು ಆಮ್ಲೀಯ ವಲಯದಲ್ಲಿ ಬರುತ್ತದೆ, ಆ ಸೂಚಕ ಬಣ್ಣ ಬದಲಿಸುವುದು ಪಿಎಚ್ ಎಂಟನ್ನು ದಾಟಿದ ಮೇಲೆ. ಇಂತಹ ಉತ್ತರಗಳನ್ನು ಪ್ರತಿ ಪ್ರಯೋಗದ ಕೊನೆಯ ಪುಟದಲ್ಲಿ ಎರಡೆರಡು ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಉತ್ತರ 3: ಉಪ್ಪಳದ ಹಳೆಯ ವಿದ್ಯಾರ್ಥಿ

ಹಿರಿಯರ ಮಾತಿಗೆ ಗೌರವವಿದ್ದರೂ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ನಾನೂ ಕನ್ನಡ ಮಾಧ್ಯಮದವನೇ, ಬಿ.ಕಾಂ. ಓದಿದವನು. ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಂಡು ಮತ್ತೆ ಇಂಗ್ಲಿಷಿನಲ್ಲಿ ಬರೆಯುವುದೆಂದರೆ ಎರಡು ಪಟ್ಟು ಕೆಲಸ. ನಮ್ಮ ತರಗತಿಯಲ್ಲಿ ಹೀಗೆ ಮಾಡಿದ ಕೆಲವರು ಅಚ್ಚುಕಟ್ಟಾದ ಕನ್ನಡ ನೋಟ್ಸ್ ಮಾಡಿಟ್ಟುಕೊಂಡಿದ್ದರು, ಆದರೆ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯ ಹೊಳೆಯದೆ ಅರ್ಧ ಉತ್ತರಪತ್ರಿಕೆಯನ್ನು ಖಾಲಿ ಬಿಟ್ಟು ಬಂದರು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ ಎಂದ ಮೇಲೆ ತಪ್ಪೋ ಸರಿಯೋ ಮೊದಲ ವಾರದಿಂದಲೇ ಇಂಗ್ಲಿಷಿನಲ್ಲಿ ಬರೆಯುವುದು ಒಳ್ಳೆಯದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗ್ರಂಥಾಲಯದಿಂದ ಪಡೆದು, ಗಡಿಯಾರ ಮುಂದಿಟ್ಟುಕೊಂಡು ಬರೆದು ನೋಡಲಿ. ಹೊತ್ತು ಸಾಲುವುದಿಲ್ಲ ಎಂಬುದು ಆಗಲೇ ತಿಳಿಯುತ್ತದೆ.

ಮೊಬೈಲಿನಲ್ಲಿ ಚಾಟ್‌ಜಿಪಿಟಿಯಂತಹವು ಇಂಗ್ಲಿಷ್ ಭಾಗವನ್ನು ಕನ್ನಡಕ್ಕೆ ತಿರುಗಿಸಿ ಕೊಡುತ್ತವೆ. ಒಂದು ಕಠಿಣ ಭಾಗ ಬಿಡಿಸಿಕೊಳ್ಳಲು ಅವು ಸಹಾಯಕ. ಅಸೈನ್‌ಮೆಂಟನ್ನೇ ಅದರಿಂದ ಬರೆಸಿದರೆ ವೈವಾದ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಉತ್ತರ 2ರವರಿಂದ ಮತ್ತೆ

ಉಪ್ಪಳದವರು ಹೇಳಿದ ಅಪಾಯ ನಿಜವಾದುದೇ. ಕನ್ನಡದಲ್ಲಿ ನೋಟ್ಸ್ ಬರೆಯಬೇಕೆಂದು ನಾನು ಹೇಳಲಿಲ್ಲ, ಬಾಯಿಮಾತಿನಲ್ಲಿ ವಿವರಿಸಬೇಕೆಂದು ಹೇಳಿದೆ; ಕಾಗದದ ಮೇಲೆ ಬರುವುದೆಲ್ಲ ಇಂಗ್ಲಿಷಿನಲ್ಲಿಯೇ ಇರಲಿ. ಆದರೆ ಅರ್ಥವಾಗುವ ಮೊದಲೇ ಇಂಗ್ಲಿಷಿನಲ್ಲಿ ಬರೆಯಲು ಹೊರಟವರು ಮಾಡುವುದು ಬಾಯಿಪಾಠ. ವಾಣಿಜ್ಯದಲ್ಲಿ ಅದು ಎಷ್ಟರಮಟ್ಟಿಗೆ ನಡೆಯುತ್ತದೆಯೋ ನಾನು ಹೇಳಲಾರೆ. ರಸಾಯನಶಾಸ್ತ್ರದಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ನೈಟ್ರೋಜನ್ ಬದಲು ಫಾಸ್ಫರಸ್, ಆಕ್ಸಿಜನ್ ಬದಲು ಸಲ್ಫರ್ ಎಂದು ಕೇಳಿದ ಕೂಡಲೇ ಬಾಯಿಪಾಠ ಕೈಕೊಡುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಲೆಬಸ್ ಮುದ್ರಿಸಿಕೊಂಡಿದ್ದೇನೆ, ಹನ್ನೊಂದನೆಯ ತರಗತಿಯ ಪುಸ್ತಕವನ್ನೂ ಹೊರತೆಗೆದಿದ್ದೇನೆ. ಇನ್ನೆರಡು ಸಂದೇಹಗಳಿವೆ. ಸೆಮಿನಾರ್ ಎಂದರೆ ಎಲ್ಲರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತನಾಡಬೇಕು. ಅದನ್ನು ನೆನೆದರೇ ಕೈಕಾಲು ತಣ್ಣಗಾಗುತ್ತದೆ. ಎರಡನೆಯದಾಗಿ, ಬೆಳಗ್ಗೆ ಹೊರಟು ಬದಿಯಡ್ಕ, ಚೆರ್ಕಳ ದಾಟಿ ಕಾಲೇಜು ತಲುಪಿ, ಸಂಜೆ ಅದೇ ದಾರಿಯಲ್ಲಿ ಮರಳುವಾಗ ಓದುವ ಶಕ್ತಿ ಉಳಿಯುವುದಿಲ್ಲ. ಹಾಸ್ಟೆಲಿನ ಖರ್ಚು ಮನೆಗೆ ಭಾರವಾಗುತ್ತದೆ. ಇದಕ್ಕೆ ದಾರಿಯುಂಟೇ?

ಉತ್ತರ 4: ಬದಿಯಡ್ಕದ ಅಧ್ಯಾಪಿಕೆ

ತಂಗಿ, ನನ್ನ ಮಗಳೂ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿಬಂದು ಪದವಿ ಮುಗಿಸಿದವಳು. ಬಸ್ಸಿನಲ್ಲಿ ನಿಂತುಕೊಂಡು ಪುಸ್ತಕ ಓದುವ ಸಾಹಸ ಬೇಡ. ಕಣ್ಣು ನೋಯುತ್ತದೆ, ತಲೆ ತಿರುಗುತ್ತದೆ. ಬದಲಿಗೆ ಅಂದಿನ ಪಾಠದ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ಉತ್ತರಿಸುತ್ತಾ ಬನ್ನಿ, ಹಿರಿಯರು ಹೇಳಿದ ನೆನಪಿನ ಅಭ್ಯಾಸಕ್ಕೆ ಆ ಹೊತ್ತು ಸಾಕು. ತರಗತಿ ಬಿಟ್ಟ ಕೂಡಲೇ ಬಸ್ಸಿಗೆ ಓಡದೆ ಸ್ವಲ್ಪ ಹೊತ್ತು ಗ್ರಂಥಾಲಯದಲ್ಲಿ ಕುಳಿತು ಅಂದಿನ ಕೆಲಸವನ್ನು ಅಲ್ಲಿಯೇ ಮುಗಿಸಿದರೆ, ಜನ ತುಂಬಿದ ಮೊದಲ ಬಸ್ಸೂ ತಪ್ಪುತ್ತದೆ, ಮನೆಗೆ ಬಂದು ಪುಸ್ತಕ ತೆರೆಯಬೇಕಾದ ಒತ್ತಡವೂ ಇರುವುದಿಲ್ಲ. ಆದರೆ ಪೆರ್ಲದ ಕಡೆಗೆ ಸಂಜೆಯ ಬಸ್ಸುಗಳ ಹೊತ್ತನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಸೆಮಿನಾರಿಗೆ ವಿಷಯ ಆರಿಸುವ ಅವಕಾಶ ಕೊಟ್ಟರೆ ಮೊದಲಿಗರಾಗಿ ಹೆಸರು ಕೊಡಿ. ತಡವಾಗಿ ಹೋದವರಿಗೆ ಉಳಿಯುವುದು ಯಾರಿಗೂ ಬೇಡವಾದ ವಿಷಯಗಳು. ಚಿತ್ರ, ಕೋಷ್ಟಕ, ಸಮೀಕರಣ ಹೆಚ್ಚಿರುವ ವಿಷಯವನ್ನು ತೆಗೆದುಕೊಂಡರೆ ಹಲಗೆಯೇ ಅರ್ಧ ಮಾತನಾಡುತ್ತದೆ. ಆರಂಭದ ಮೂರು ವಾಕ್ಯಗಳನ್ನೂ ಕೊನೆಯ ಎರಡು ವಾಕ್ಯಗಳನ್ನೂ ಬರೆದು ಅಭ್ಯಾಸ ಮಾಡಿ. ನಡುವಿನದನ್ನು ಹಲಗೆ ನೋಡಿಕೊಂಡು ಹೇಳಬಹುದು. ಹಿಂದಿನ ದಿನ ಒಬ್ಬ ಗೆಳತಿಯ ಮುಂದೆ ಒಮ್ಮೆ ಹೇಳಿ ನೋಡಿ. ಆ ಗೆಳತಿ ಮಲಯಾಳದವಳಾದರೆ ಇನ್ನೂ ಒಳ್ಳೆಯದು, ಏಕೆಂದರೆ ಆಗ ನೀವು ಕನ್ನಡಕ್ಕೆ ಜಾರುವಂತಿಲ್ಲ. ಕನ್ನಡದವರು ಕನ್ನಡದವರೊಂದಿಗೆ ಮಾತ್ರ ಕೊನೆಯ ಬೆಂಚಿನಲ್ಲಿ ಗುಂಪಾಗಿ ಕುಳಿತುಕೊಳ್ಳುವುದನ್ನು ನಮ್ಮ ಮಕ್ಕಳಲ್ಲಿ ಬಹಳ ನೋಡಿದ್ದೇನೆ. ಅದರಿಂದ ಧೈರ್ಯ ಸಿಗುತ್ತದೆ ಎಂಬುದು ಸರಿ. ಆದರೆ ಅಧ್ಯಾಪಕರ ಮಲಯಾಳ ವಿವರಣೆಯನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮಲಯಾಳ ಲಿಪಿಯನ್ನೂ ರಜೆಯಲ್ಲಿ ಕಲಿತುಬಿಡಿ. ಕಾಲೇಜಿನ ವಾಟ್ಸಾಪ್ ಗುಂಪಿನ ಸೂಚನೆಗಳು ಅನೇಕ ಸಲ ಅದರಲ್ಲಿಯೇ ಇರುತ್ತವೆ.

ಬೇಸಗೆ ರಜೆಯ ಬಗ್ಗೆ ಈಗಲೇ ಒಂದು ಮಾತು. ಆರನೆಯ ಸೆಮಿಸ್ಟರಿನೊಳಗೆ ಎರಡು ಕ್ರೆಡಿಟ್ಟಿನ ಇಂಟರ್ನ್‌ಶಿಪ್ ಮುಗಿಸಬೇಕಾಗುತ್ತದೆ. ಕೊನೆಯ ಗಳಿಗೆಯಲ್ಲಿ ಎಲ್ಲಿಯಾದರೂ ಒಂದು ಪ್ರಮಾಣಪತ್ರ ಸಿಕ್ಕರೆ ಸಾಕು ಎಂದು ಓಡಾಡುವವರೇ ಹೆಚ್ಚು. ರಸಾಯನಶಾಸ್ತ್ರದವರಿಗೆ ನಮ್ಮ ಜಿಲ್ಲೆಯಲ್ಲಿಯೇ, 1916ರಲ್ಲಿ ತೆಂಗು ಸಂಶೋಧನೆಗಾಗಿ ಆರಂಭವಾದ ಕೂಡ್ಲಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ತೆಂಗು, ಅಡಿಕೆ, ಕೊಕ್ಕೋ ನಿಮ್ಮ ಮನೆಯಂಗಳದ ಬೆಳೆಗಳೇ ಆದ್ದರಿಂದ ಅಲ್ಲಿನ ಕೆಲಸ ನಿಮಗೆ ಬೇಗ ಹಿಡಿಸಬಹುದು. ಅಧ್ಯಾಪಕರ ಪತ್ರದೊಂದಿಗೆ ಸಾಕಷ್ಟು ಮೊದಲೇ ವಿಚಾರಿಸಿ.

ಖರ್ಚಿನ ವಿಷಯ. ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕಗಳಿದ್ದರೆ ಕೇಂದ್ರ ಸರಕಾರದ ಕಾಲೇಜು ಮತ್ತು ವಿಶ್ವವಿದ್ಯಾನಿಲಯ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ತಮ್ಮ ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದವರಿಗೆ, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂಪಾಯಿಯೊಳಗಿದ್ದರೆ, ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ರಾಜ್ಯದ ಇ-ಗ್ರಾಂಟ್ಸ್ ಎಂಬ ಶೈಕ್ಷಣಿಕ ನೆರವು ಬೇರೆಯೇ ಇದೆ. ಅದನ್ನು ಕಾಲೇಜು ಕಚೇರಿಯಲ್ಲಿಯೇ ಕೇಳಿ. ಎರಡಕ್ಕೂ ಆದಾಯ ಪ್ರಮಾಣಪತ್ರ ಬೇಕು, ಅದನ್ನು ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದ ಮೂಲಕ ಈಗಲೇ ಮಾಡಿಸಿಟ್ಟುಕೊಳ್ಳಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿಯೇ ಇದ್ದು ಆಧಾರ್ ಜೋಡಣೆಯಾಗಿರಬೇಕು. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿಯೂ ಆಧಾರ್‌ನಲ್ಲಿಯೂ ನಿಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳು, ಇನಿಶಿಯಲ್ ಸಹಿತ, ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ. ನಮ್ಮ ಕಡೆಯ ಅರ್ಜಿಗಳು ಇಲ್ಲಿಯೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುತ್ತವೆ. ಕೇಂದ್ರದ ವಿದ್ಯಾರ್ಥಿವೇತನವನ್ನು ಮುಂದಿನ ವರ್ಷ ನವೀಕರಿಸಲು ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಾತಿ ಇರಬೇಕು, ಪ್ರತಿ ವರ್ಷವೂ ಪೋರ್ಟಲ್‌ನಲ್ಲಿ ನೀವೇ ನವೀಕರಣದ ಅರ್ಜಿ ಸಲ್ಲಿಸಬೇಕು.